ಪೂಜೆ ಬೇರೆ, ಪ್ರಾರ್ಥನೆ ಬೇರೆ, ಸೇವೆ ಎಲ್ಲರದು: ಕಥೋಲಿಕ ಪ್ರೌಢಶಾಲೆಯ ವರ್ಷವನ್ನು ಯೋಜಿಸುವ ಬಗೆ

ಪ್ರಶ್ನೆ: ದಕ್ಷಿಣ ಕನ್ನಡದಲ್ಲಿ ಕಥೋಲಿಕ ಆಡಳಿತದ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. 320 ಮಕ್ಕಳಲ್ಲಿ ಕಥೋಲಿಕರು 70. ಉಳಿದವರು ಹಿಂದೂ, ಮುಸ್ಲಿಂ, ಜೈನ ಮನೆಗಳವರು. 2026–27ನೇ ಸಾಲಿಗೆ ಧರ್ಮಶಿಕ್ಷಣ ಮತ್ತು ಸೇವಾ ಚಟುವಟಿಕೆಯ ಹೊಣೆ ನನಗೆ ಬಂದಿದೆ. ಕಳೆದ ವರ್ಷ ಹಬ್ಬದ ಪೂಜೆಗೆ ಎಲ್ಲ ಮಕ್ಕಳನ್ನೂ ಕೂರಿಸಿದ್ದಕ್ಕೆ ಇಬ್ಬರು ಹೆತ್ತವರು ಆಕ್ಷೇಪಿಸಿದರು. ಅದಾದ ಮೇಲೆ ಬೆಳಗ್ಗಿನ ಪ್ರಾರ್ಥನೆಯೂ ಹೆಸರಿಗಷ್ಟೇ ಉಳಿಯಿತು. ಸೇವೆ ಎಂದರೆ ಡಿಸೆಂಬರಿನಲ್ಲಿ ವೃದ್ಧಾಶ್ರಮಕ್ಕೆ ಹೋಗಿ ಬಿಸ್ಕತ್ತು ಹಂಚಿ ಬರುವುದು, ಅಷ್ಟೆ. ಯಾರ ಮನಸ್ಸನ್ನೂ ನೋಯಿಸದೆ, ಶಾಲೆಯ ಕ್ರೈಸ್ತ ಗುಣವನ್ನೂ ಕಳೆದುಕೊಳ್ಳದೆ ಇದನ್ನೆಲ್ಲ ಹೇಗೆ ನಡೆಸಲಿ? ಹತ್ತನೆಯವರನ್ನು ಸೇವೆಯಿಂದ ಬಿಡಬೇಕೆ?

ಉತ್ತರ: ಟೀಚರ್, ಎಲ್ಲರನ್ನೂ ಪೂಜೆಗೆ ಕೂರಿಸಿದ್ದು, ಆಕ್ಷೇಪ ಬಂದೊಡನೆ ಪ್ರಾರ್ಥನೆಯನ್ನೇ ಕೈಬಿಟ್ಟದ್ದು, ಎರಡಕ್ಕೂ ಬೇರು ಒಂದೇ. ಬಲಿಪೂಜೆ (ಗುರುಗಳು ಚರ್ಚಿನಲ್ಲಿ ಅರ್ಪಿಸುವ ಪೂಜೆ), ಬೆಳಗ್ಗಿನ ಪ್ರಾರ್ಥನೆ, ಧರ್ಮೋಪದೇಶ (ಕಥೋಲಿಕ ಮಕ್ಕಳಿಗೆ ಅವರ ವಿಶ್ವಾಸದ ಪಾಠ), ಮೌಲ್ಯಶಿಕ್ಷಣ ಈ ನಾಲ್ಕನ್ನೂ ಅಲ್ಲಿ ಒಂದೇ ಗಂಟಿಗೆ ಕಟ್ಟಿದ್ದಾರೆ. ಒಂದರ ಮೇಲೆ ದೂರು ಬಂದರೆ ಇಡೀ ಗಂಟು ಕೆಳಗೆ ಬೀಳುತ್ತದೆ. ಈ ವರ್ಷ ಮೊದಲು ಗಂಟು ಬಿಚ್ಚಿ. ಯಾವುದು ಯಾರಿಗೆ, ಎಷ್ಟು ಹೊತ್ತು, ಎಲ್ಲಿ ಎಂಬುದನ್ನು ಬರೆದಿಟ್ಟುಕೊಂಡರೆ ಅರ್ಧ ತೊಡಕು ಜೂನ್‌ನಲ್ಲೇ ಕಳೆಯುತ್ತದೆ.

ಆಕ್ಷೇಪಿಸಿದ ಹೆತ್ತವರ ಪಕ್ಷದಲ್ಲಿ ಸಂವಿಧಾನವಿದೆ. 28(3)ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಧಾರ್ಮಿಕ ಆರಾಧನೆಗಾಗಲಿ ಹಾಜರಾಗುವಂತೆ ಮಾಡಬಾರದು. ವಿದ್ಯಾರ್ಥಿ ಅಪ್ರಾಪ್ತ ವಯಸ್ಸಿನವನಾದರೆ ಪೋಷಕರ ಒಪ್ಪಿಗೆ ಬೇಕು. ‘ಪೂಜೆ ಶಾಲೆಯಲ್ಲಿ ನಡೆದದ್ದಲ್ಲ, ಪಕ್ಕದ ಚರ್ಚಿನಲ್ಲಿ’ ಎಂಬ ಸಮಜಾಯಿಷಿ ಇಲ್ಲಿ ನಡೆಯದು. ಶಾಲೆಗೆ ಹೊಂದಿಕೊಂಡ ಆವರಣವನ್ನೂ ಆ ವಿಧಿ ಹೆಸರಿಸಿಯೇ ಹೇಳುತ್ತದೆ. ಅಲ್ಪಸಂಖ್ಯಾತರು ತಮ್ಮ ಶಾಲೆ ನಡೆಸಲು 30ನೇ ವಿಧಿ ಕೊಡುವ ಹಕ್ಕು ಇದನ್ನು ಅಳಿಸುವುದಿಲ್ಲ. ಇನ್ನೊಂದು ಅಂಶ ಹಲವರ ಗಮನಕ್ಕೆ ಬರುವುದಿಲ್ಲ: ವಿಧಿ ಎಲ್ಲ ಮಕ್ಕಳಿಗೂ ಅನ್ವಯಿಸುವುದರಿಂದ, ನಿಮ್ಮ 70 ಕಥೋಲಿಕ ಮಕ್ಕಳ ಧರ್ಮೋಪದೇಶಕ್ಕೂ ಹೆತ್ತವರ ಸಹಿ ಇರಬೇಕು.

ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಬೋಧನೆಯೂ ಇದಕ್ಕೆ ವಿರುದ್ಧವಾಗಿಲ್ಲ. ಕಥೋಲಿಕ ವಿಶ್ವಾಸವನ್ನು ಯಾರ ಮನಸ್ಸಾಕ್ಷಿಗೂ ವಿರುದ್ಧವಾಗಿ ಒತ್ತಾಯಿಸಕೂಡದು ಎಂದು ಧರ್ಮಸಭೆಯ ಕಾನೂನಿನ 748ನೇ ನಿಯಮ ಹೇಳುತ್ತದೆ. ಜಗತ್ತಿನ ಕಥೋಲಿಕ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣ ಕುರಿತ ಘೋಷಣೆಯಲ್ಲಿ, ಕಥೋಲಿಕರಲ್ಲದ ಮಕ್ಕಳೂ ಕಲಿಯುವ ಶಾಲೆಗಳನ್ನು ಧರ್ಮಸಭೆಗೆ ಬಹಳ ಪ್ರಿಯವಾದವು ಎಂದು ಕರೆದಿದೆ. ನಿಮ್ಮ ಶಾಲೆಯ 250 ಮಕ್ಕಳು ಆ ಮಾತಿನೊಳಗೆ ಬರುತ್ತಾರೆ. ಆದ್ದರಿಂದ ಆಡಳಿತ ಮಂಡಳಿಯಲ್ಲಿ ಯಾರಾದರೂ ‘ನಮ್ಮ ಶಾಲೆ, ನಮ್ಮ ಪದ್ಧತಿ’ ಎಂದರೆ ಕಾನೂನು ತೋರಿಸುವ ಮೊದಲು ಈ ಬೋಧನೆಯನ್ನು ತೋರಿಸಿ.

ಒಪ್ಪಿಗೆ ಪತ್ರ ಒಂದು ಪುಟದ್ದಿರಲಿ, ಕನ್ನಡದಲ್ಲಿರಲಿ. ‘ಶಾಲೆಯ ಎಲ್ಲ ಧಾರ್ಮಿಕ ಚಟುವಟಿಕೆಗಳಿಗೆ ನನ್ನ ಒಪ್ಪಿಗೆಯಿದೆ’ ಎಂಬ ಒಂದೇ ಸಾಲಿಗೆ ಸಹಿ ಪಡೆಯಬೇಡಿ; ಜಗಳ ಬಂದ ದಿನ ಆ ಸಾಲು ಕೈಕೊಡುತ್ತದೆ. ನಾಲ್ಕು ಸಾಲು ಬರೆಯಿರಿ: ವಾರಕ್ಕೊಂದು ಧರ್ಮೋಪದೇಶ ತರಗತಿ, ವರ್ಷದಲ್ಲಿ ಇಷ್ಟು ಬಲಿಪೂಜೆ (ದಿನಾಂಕ ಸಹಿತ), ಬೆಳಗ್ಗಿನ ಕ್ರೈಸ್ತ ಪ್ರಾರ್ಥನೆ, ಶಾಲೆಯ ಹೊರಗಿನ ಸೇವಾ ಭೇಟಿ. ಪ್ರತಿ ಸಾಲಿನ ಮುಂದೆ ‘ಹೌದು’, ‘ಬೇಡ’ ಎಂಬ ಎರಡು ಚೌಕ. ‘ಬೇಡ’ ಎಂದವರ ಮಕ್ಕಳು ಆ ಹೊತ್ತಿನಲ್ಲಿ ಯಾವ ಕೋಣೆಯಲ್ಲಿ, ಯಾರ ಜೊತೆ, ಏನು ಮಾಡುತ್ತಾರೆ ಎಂದು ಕೆಳಗೆ ಬರೆಯಿರಿ. ಕೊನೆಗೆ, ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು ಎಂಬ ಮಾತು. ಜೂನ್ ಮೊದಲ ಶಿಕ್ಷಕ-ರಕ್ಷಕ ಸಂಘದ ಸಭೆಯಲ್ಲಿ ಓದಿ ಹೇಳಿ, ಮನೆಗೆ ಕಳಿಸಿ, ವಾರದೊಳಗೆ ವಾಪಸು ಪಡೆಯಿರಿ. ಸಭೆಯಲ್ಲೇ ಸಹಿ ಮಾಡಿಸಿಕೊಂಡರೆ ಪಕ್ಕದವರನ್ನು ನೋಡಿ ‘ಹೌದು’ ಬರೆಯುತ್ತಾರೆ. ಅಂಥ ಒಪ್ಪಿಗೆಗೆ ಬಾಳಿಕೆಯಿಲ್ಲ.

ಪೂಜೆಯ ದಿನ

ಶಾಲಾ ಅವಧಿಯಲ್ಲಿ ವರ್ಷಕ್ಕೆ ನಾಲ್ಕು ಪೂಜೆ ಸಾಕು: ಜೂನ್‌ನಲ್ಲಿ ವರ್ಷಾರಂಭ, ಸೆಪ್ಟೆಂಬರ್‌ನಲ್ಲಿ ಮಾತೆ ಮರಿಯಮ್ಮನ ಜನನದ ಹಬ್ಬದ ಆಸುಪಾಸು, ಶಾಲೆಯ ಪಾಲಕ ಸಂತರ ಹಬ್ಬ, ತಪಸ್ಸುಕಾಲದಲ್ಲಿ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ವಾರಗಳಲ್ಲಿ) ಒಂದು. ಹೆಚ್ಚು ಪೂಜೆಯಾದರೆ ಭಕ್ತಿ ಹೆಚ್ಚುತ್ತದೆಂಬ ಎಣಿಕೆ ಬೇಡ. ಸಿದ್ಧತೆಯಿಲ್ಲದ ಹತ್ತಕ್ಕಿಂತ ಸಿದ್ಧತೆಯಿರುವ ನಾಲ್ಕರಲ್ಲಿ ಮಕ್ಕಳು ಹಾಡುತ್ತಾರೆ, ಉತ್ತರ ಕೊಡುತ್ತಾರೆ, ಓದಿದ್ದು ಕಿವಿಗೆ ಬೀಳುತ್ತದೆ.

ಹತ್ತು ದಿನ ಮೊದಲು ಬೈಬಲ್ ವಾಚನ ಓದುವ ಇಬ್ಬರನ್ನು ಆರಿಸಿ, ಖಾಲಿ ಚರ್ಚಿನಲ್ಲಿ ಮೈಕ್ ಹಾಕಿ ಮೂರು ಸಲ ಓದಿಸಿ. ವಿಶ್ವಾಸಿಗಳ ಪ್ರಾರ್ಥನೆಯ ಐದು ಬಿನ್ನಹಗಳನ್ನು ಮಕ್ಕಳೇ ಬರೆಯಲಿ. ನೀವು ತಿದ್ದಬೇಕಾದದ್ದು ವ್ಯಾಕರಣ ಮಾತ್ರ. ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಹಂಚಿದ ಬಳಿಕ ಅತಿಥಿ ಭಾಷಣ, ಸನ್ಮಾನ ಇಟ್ಟುಕೊಳ್ಳಬೇಡಿ. ಅವು ಸಭಾಂಗಣಕ್ಕೆ ಸೇರಿದವು. ಪ್ರಬೋಧನೆ (ಪೂಜೆಯ ನಡುವಿನ ಪ್ರವಚನ) ಎಂಟು ನಿಮಿಷ ದಾಟದಂತೆ ಗುರುಗಳಲ್ಲಿ ಮೊದಲೇ ಕೇಳಿಕೊಂಡರೆ ಎಲ್ಲ ಸೇರಿ 50 ನಿಮಿಷದಲ್ಲಿ ಮುಗಿಯುತ್ತದೆ.

ಎಡವಟ್ಟಾಗುವುದು ಸಾಮಾನ್ಯವಾಗಿ ಪರಮಪ್ರಸಾದದ ಹೊತ್ತಿಗೆ. ಒಪ್ಪಿಗೆ ಪಡೆದು ಬಂದ ಬೇರೆ ಧರ್ಮದ ಮಕ್ಕಳು ಕಥೋಲಿಕ ಮಕ್ಕಳ ನಡುವೆ ಕೂತಿರುತ್ತಾರೆ. ಇಡೀ ಸಾಲು ಎದ್ದಾಗ ಒಬ್ಬನೇ ಕೂತಿರಲು ಸಂಕೋಚವಾಗಿ ಮಗುವೂ ಎದ್ದು ಸಾಲಿನಲ್ಲಿ ನಿಲ್ಲುತ್ತದೆ. ಅದು ಮಗುವಿನ ತಪ್ಪಲ್ಲ, ಕೂರಿಸಿದವರ ತಪ್ಪು. ನಡುವಿನ ಹಾದಿಯ ಒಂದು ಬದಿಗೆ ಪರಮಪ್ರಸಾದ ಸ್ವೀಕರಿಸುವವರು, ಇನ್ನೊಂದು ಬದಿಗೆ ಉಳಿದವರು ಕೂರಲಿ. ಹಿಂದಿನ ದಿನವೇ ತರಗತಿಯಲ್ಲಿ, ಇದು ಕಥೋಲಿಕರು ತಮ್ಮ ವಿಶ್ವಾಸದಲ್ಲಿ ಸ್ವೀಕರಿಸುವ ಸಂಸ್ಕಾರ, ಉಳಿದವರು ಕೂತಲ್ಲೇ ಮೌನವಾಗಿದ್ದರೆ ಸಾಕು ಎಂದು ಹೇಳಿ. ಅಷ್ಟಾದರೂ ಯಾವುದೋ ಮಗು ಪ್ರಸಾದವನ್ನು ಕೈಯಲ್ಲಿ ಹಿಡಿದು ಬೆಂಚಿಗೆ ಮರಳಿದರೆ ಹತ್ತಿರದ ಶಿಕ್ಷಕರು ಸದ್ದಿಲ್ಲದೆ ಮಗುವನ್ನು ಗುರುಗಳ ಬಳಿ ಕರೆದೊಯ್ಯಲಿ. ಗದರಬೇಡಿ. ಹದಿಮೂರು ವರ್ಷದ ಮಗುವಿಗೆ ಆ ಗದರಿಕೆ ಬಹುಕಾಲ ನೆನಪಿರುತ್ತದೆ.

ಆ ಹೊತ್ತಿನಲ್ಲಿ ಉಳಿದ ಮಕ್ಕಳಿಗೆ ಏನು? ಮೈದಾನದಲ್ಲಿ ಆಟ ಕೊಟ್ಟರೆ ಕಥೋಲಿಕ ಮಕ್ಕಳಿಗೆ ಪೂಜೆ ಶಿಕ್ಷೆಯಂತೆ ಕಾಣುತ್ತದೆ. ಕಿರುಪರೀಕ್ಷೆ ಇಟ್ಟರೆ ಹೊರಗುಳಿದವರಿಗೆ ಶಿಕ್ಷೆಯಾಗುತ್ತದೆ. ಗ್ರಂಥಾಲಯದ ಓದು ಅಥವಾ ಮೌಲ್ಯಶಿಕ್ಷಣದ ಚರ್ಚೆ ಇಡಿ, ಹಾಜರಿ ಎರಡೂ ಕಡೆ ತೆಗೆದುಕೊಳ್ಳಿ.

ಪಾಪನಿವೇದನೆಗೆ (ಗುರುಗಳ ಬಳಿ ಒಬ್ಬೊಬ್ಬರೇ ತಪ್ಪೊಪ್ಪಿಕೊಳ್ಳುವುದಕ್ಕೆ) ಹೊತ್ತಿನ ಲೆಕ್ಕ ಬೇಕು. ಒಂದು ಮಗುವಿಗೆ ಸರಾಸರಿ ಮೂರು ನಿಮಿಷ ಹಿಡಿದರೂ 70 ಮಕ್ಕಳಿಗೆ 210 ನಿಮಿಷ, ಅಂದರೆ ಮೂರೂವರೆ ಗಂಟೆ. ಒಬ್ಬರೇ ಗುರುಗಳನ್ನು ಕರೆದರೆ ಕೊನೆಯ ಮೂವತ್ತು ಮಕ್ಕಳು ಕಾಟಾಚಾರಕ್ಕೆ ಮುಗಿಸುತ್ತಾರೆ. ಮೂವರನ್ನು ಕರೆಯಿರಿ, 70 ನಿಮಿಷ ಸಾಕು. ಮಾತು ಕೇಳಿಸಬಾರದು, ಆದರೆ ಗುರುಗಳೂ ಮಗುವೂ ಎಲ್ಲರ ಕಣ್ಣಿಗೆ ಕಾಣುವಂತಿರಬೇಕು. ಬಾಗಿಲು ಮುಚ್ಚಿದ ಕೋಣೆ ಸಲ್ಲದು.

ಬೆಳಗ್ಗಿನ ನಾಲ್ಕು ನಿಮಿಷ

ಮೊದಲ ಗಂಟೆಗೆ ಹತ್ತು ನಿಮಿಷ ಮುಂಚೆ ಪ್ರಾರ್ಥನಾ ಕೋಣೆಯನ್ನು ತೆರೆದಿಡಿ. ಶಿಲುಬೆಯ ಗುರುತು, ಪರಲೋಕ ಮಂತ್ರ, ನಮೋ ಮರಿಯ, ಆ ದಿನದ ಶುಭಸಂದೇಶದ (ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಭಾಗದ) ಐದಾರು ಸಾಲು ಅಲ್ಲಿ. ಒಪ್ಪಿಗೆ ಇರುವವರು ಬರಲಿ. ಎಲ್ಲರೂ ಸೇರುವ ಪ್ರಾರ್ಥನಾ ಸಭೆಯಲ್ಲಿ ಬೇರೆ ಕ್ರಮ: ಅರ್ಧ ನಿಮಿಷ ಮೌನ, ಆ ದಿನ ಯಾರಿಗಾಗಿ ಬೇಡಿಕೊಳ್ಳುತ್ತೇವೆ ಎಂಬ ಒಂದು ವಾಕ್ಯ (ಆಸ್ಪತ್ರೆಯಲ್ಲಿರುವ ಸಹಪಾಠಿ, ಮಳೆಗೆ ಮನೆ ಕುಸಿದ ಕುಟುಂಬ), ದೇವರನ್ನು ಉದ್ದೇಶಿಸಿದ ಚಿಕ್ಕ ಪ್ರಾರ್ಥನೆ, ಒಂದು ಹಾಡು. ಆಮೇಲೆ ನಾಡಗೀತೆ, ಸಂವಿಧಾನದ ಪೀಠಿಕೆ, ರಾಷ್ಟ್ರಗೀತೆ ನಿಮ್ಮಲ್ಲಿ ಇರುವ ಕ್ರಮದಂತೆ.

ಬಾಯಿ ತೆರೆಯದೆ ನಿಂತ ಮಗುವನ್ನು ಪ್ರಶ್ನಿಸಬೇಡಿ. ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ (1986) ಯೆಹೋವನ ಸಾಕ್ಷಿಗಳ ಪಂಥದ ಮೂರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಕೇರಳದ ಶಾಲೆಯೊಂದು ಅವರನ್ನು ಹೊರಹಾಕಿತ್ತು. ಅದು ತಪ್ಪೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ರಾಷ್ಟ್ರಗೀತೆಗೇ ಹಾಗಿರುವಾಗ ಪ್ರಾರ್ಥನಾಗೀತೆಗೆ ಒತ್ತಾಯ ಎಲ್ಲಿಂದ ಬರಬೇಕು? ಗೋಡೆಯ ಶಿಲುಬೆಯನ್ನು ಮಾತ್ರ ಯಾರಿಗೋ ಹೆದರಿ ಇಳಿಸಬೇಡಿ. ಇದು ಯಾರು ನಡೆಸುವ ಶಾಲೆ ಎಂಬುದು ಸೇರಿಸುವಾಗಲೇ ಹೆತ್ತವರಿಗೆ ಗೊತ್ತು. ಶಿಲುಬೆ ಕಂಡು ಯಾರೂ ನೊಂದುಕೊಳ್ಳುವುದಿಲ್ಲ, ಬಲವಂತ ಮಾಡಿದರೆ ನೊಂದುಕೊಳ್ಳುತ್ತಾರೆ.

ಧರ್ಮೋಪದೇಶದ ತರಗತಿ ವಾರಕ್ಕೊಂದು, 40 ನಿಮಿಷ. ಜುಲೈಯ ಮಳೆ ರಜೆ, ಪರೀಕ್ಷೆ ಕಳೆದು ವರ್ಷಕ್ಕೆ 28 ತರಗತಿ ಸಿಕ್ಕಿದರೆ ಹೆಚ್ಚು. ಆ ಹೊತ್ತಿಗೇ ಉಳಿದವರಿಗೆ ಮೌಲ್ಯಶಿಕ್ಷಣ. ಎರಡನ್ನೂ ಬೆರೆಸಿ ಎಲ್ಲರಿಗೂ ಒಂದೇ ಪಾಠ ಮಾಡುವ ರೂಢಿ ಹಲವು ಕಡೆ ಇದೆ. ಹಾಗೆ ಮಾಡಿದರೆ ಕಥೋಲಿಕ ಮಕ್ಕಳಿಗೆ ತಮ್ಮ ವಿಶ್ವಾಸದ ಬಗ್ಗೆ ಏನೂ ದಕ್ಕುವುದಿಲ್ಲ, ಇತರರಿಗೆ ಎಲ್ಲದರಲ್ಲೂ ಮರೆಮಾಚಿದ ಉಪದೇಶವಿದೆಯೆಂಬ ಅನುಮಾನ ಉಳಿಯುತ್ತದೆ. ಧರ್ಮಕೇಂದ್ರದ (ಊರ ಚರ್ಚಿನ) ಭಾನುವಾರದ ಧರ್ಮೋಪದೇಶದಲ್ಲಿ ಯಾವ ಪಾಠ ನಡೆಯುತ್ತಿದೆ ಎಂದು ಅಲ್ಲಿನ ವಿಚಾರಣಾ ಗುರುಗಳಲ್ಲಿ ಕೇಳಿ ತಿಳಿದುಕೊಂಡು ಅದನ್ನೇ ಮತ್ತೆ ಹೇಳುವುದನ್ನು ತಪ್ಪಿಸಿ. ಎಂಟನೆಯವರಿಗೆ ಮಾರ್ಕನ ಶುಭಸಂದೇಶವನ್ನು ಪೂರ್ತಿ ಓದಿಸಬಹುದು. ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ, ತರಗತಿಗೊಂದರಂತೆ 16 ವಾರ. ಒಂದು ಶುಭಸಂದೇಶವನ್ನು ಮೊದಲಿಂದ ಕೊನೆತನಕ ಓದಿದ ಮಗುವಿಗೆ ಯೇಸುಸ್ವಾಮಿಯ ಪರಿಚಯ ಆಗುವ ರೀತಿ ಬೇರೆ. ಒಂಬತ್ತನೆಯವರಿಗೆ ಸಂಸ್ಕಾರಗಳು ಮತ್ತು ಧರ್ಮಸಭೆಯ ಸಾಮಾಜಿಕ ಬೋಧನೆ, ಹತ್ತನೆಯವರಿಗೆ ಮನಸ್ಸಾಕ್ಷಿ ಮತ್ತು ನಿರ್ಧಾರ.

ನಿಮ್ಮ ಜಿಲ್ಲೆಯಲ್ಲಿ ಒಂದು ವಿಶೇಷ ಎಚ್ಚರ. ಬೆಳ್ತಂಗಡಿ ಕಡೆಯ ಸಿರೋ ಮಲಬಾರ್ (ಕೇರಳ ಮೂಲದ, ಪೌರಸ್ತ್ಯ ಪದ್ಧತಿಯ ಕಥೋಲಿಕ) ಮನೆಗಳ ಮಕ್ಕಳಿದ್ದರೆ ಅವರ ಪಂಚಾಂಗ ಸ್ವಲ್ಪ ಬೇರೆ. ಲ್ಯಾಟಿನ್ ರೀತಿಯವರಿಗೆ, ಅಂದರೆ ರೋಮ್ ಪದ್ಧತಿಯ ಕಥೋಲಿಕರಿಗೆ, ತಪಸ್ಸುಕಾಲ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಬುಧವಾರ ಶುರುವಾದರೆ ಅವರಿಗೆ ಅದಕ್ಕೂ ಮೊದಲಿನ ಸೋಮವಾರ. 2027ರಲ್ಲಿ ಅವರಿಗೆ ಫೆಬ್ರವರಿ 8, ಉಳಿದವರಿಗೆ ಫೆಬ್ರವರಿ 10. ‘ನೀನು ಬುಧವಾರ ಬೂದಿ ಹಚ್ಚಿಸಿಕೊಳ್ಳಲಿಲ್ಲವೇಕೆ’ ಎಂದು ಕೇಳುವ ಮೊದಲು ಇದು ಗೊತ್ತಿರಲಿ. ಲ್ಯಾಟಿನ್ ರೀತಿಯ ನಿಯಮದಲ್ಲಿ ಉಪವಾಸದ ಕಟ್ಟುಪಾಡು 18 ತುಂಬಿದವರಿಗೆ, ಮಾಂಸವರ್ಜನೆ 14 ತುಂಬಿದವರಿಗೆ. ಪ್ರೌಢಶಾಲೆಯ ಮಗುವಿಗೆ ಊಟ ಬಿಡು ಎಂದು ಹೇಳುವ ಅಧಿಕಾರ ಶಿಕ್ಷಕರಿಗಿಲ್ಲ. ಹೊಟ್ಟೆ ಹಸಿದ ಮಗು ನಾಲ್ಕನೇ ಪೀರಿಯಡ್‌ನಲ್ಲಿ ತಲೆ ತಿರುಗಿ ಬಿದ್ದದ್ದೇ ಅದರ ಫಲ.

ಸೇವೆ: ಒಂದೇ ಮನೆ, ತಿಂಗಳಿಗೊಮ್ಮೆ

ಇಲ್ಲಿ ಮಾತ್ರ ಎಲ್ಲ 320 ಮಕ್ಕಳೂ ಒಟ್ಟಾಗಿ ನಿಲ್ಲಬಹುದು. ಅದಕ್ಕೇ ಇದನ್ನು ವರ್ಷಾಂತ್ಯದ ಒಂದು ದಿನಕ್ಕೆ ಇಳಿಸಿದ್ದು ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟವಾಗಿ ಕಾಣುತ್ತದೆ.

ಡಿಸೆಂಬರಿನಲ್ಲಿ ವೃದ್ಧಾಶ್ರಮಗಳಿಗೆ ಬರುವವರಿಗೆ ಬರವಿಲ್ಲ. ಒಂದೇ ವಾರದಲ್ಲಿ ನಾಲ್ಕು ಶಾಲೆ, ಮೂರು ಸಂಘ. ಅಜ್ಜ ಅಜ್ಜಿಯರು ಅದೇ ಹಾಡು, ಅದೇ ಕೇಕು, ಅದೇ ಫೋಟೋಗೆ ದಣಿದಿರುತ್ತಾರೆ. ಜುಲೈಯ ಜಡಿಮಳೆಯಲ್ಲಿ ಬಾಗಿಲು ತಟ್ಟುವವರಿಲ್ಲ. ನೀವು ಹೋಗಬೇಕಾದದ್ದು ಆಗ. ನಡೆದು ಅಥವಾ ಒಂದೇ ಬಸ್ಸಿನಲ್ಲಿ ಹೋಗಬಹುದಾದ ಒಂದೇ ಜಾಗವನ್ನು ಆರಿಸಿಕೊಂಡು ಜೂನ್‌ನಿಂದ ಜನವರಿವರೆಗೆ ತಿಂಗಳಿಗೊಮ್ಮೆ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋಗಿ.

ಮೊದಲ ಭೇಟಿಗೆ ನೀವೊಬ್ಬರೇ ಹೋಗಿ, ಮಕ್ಕಳು ಬೇಡ. ಅಲ್ಲಿ ನೋಡಿಕೊಳ್ಳುವ ಸಿಸ್ಟರ್ ಅಥವಾ ಮೇಲ್ವಿಚಾರಕರನ್ನು ಮೂರು ಸಂಗತಿ ಕೇಳಿ: ಯಾವ ಹೊತ್ತು ಅನುಕೂಲ, ಏನು ಬೇಕು, ಏನು ತರಬಾರದು. ಮೂರನೆಯ ಉತ್ತರ ಸಾಮಾನ್ಯವಾಗಿ ‘ಸಿಹಿ ತರಬೇಡಿ’ ಎಂದಿರುತ್ತದೆ, ಸಕ್ಕರೆ ಕಾಯಿಲೆಯವರು ಹೆಚ್ಚು. ಎರಡನೆಯದು ಕೇಳದೆ ಊಹಿಸಲಾಗದು; ವಯಸ್ಕರ ಡಯಾಪರ್, ಸ್ನಾನದ ಸೋಪು, ಹಳೆ ಹತ್ತಿ ಸೀರೆ, ಒಂದು ಗೋಡೆ ಗಡಿಯಾರ, ಏನೂ ಆಗಿರಬಹುದು.

ಒಂದು ಸಲಕ್ಕೆ 20 ಮಕ್ಕಳು, ಇಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರು ಮಹಿಳೆ. ಅರುವತ್ತು ಮಂದಿಯನ್ನು ಒಯ್ದರೆ ಅಂಗಳ ತುಂಬುತ್ತದೆ, ಮಾತು ನಡೆಯುವುದಿಲ್ಲ. ಹತ್ತು ಜೋಡಿ ಮಾಡಿ, ಸಾಧ್ಯವಾದಷ್ಟು ಬೇರೆ ಬೇರೆ ಮನೆಗಳ, ಬೇರೆ ಧರ್ಮದ ಮಕ್ಕಳನ್ನು ಜೋಡಿಸಿ. ಪ್ರತಿ ಜೋಡಿಗೆ ಒಬ್ಬ ಅಜ್ಜ ಅಥವಾ ಅಜ್ಜಿ, ಪ್ರತಿ ಸಲವೂ ಅವರೇ. ಅದೇ 20 ಮಕ್ಕಳು ನಾಲ್ಕು ತಿಂಗಳು ಹೋಗಲಿ, ಆಮೇಲೆ ಇನ್ನೊಂದು ಗುಂಪು. ಎಲ್ಲರಿಗೂ ಅವಕಾಶ ಸಿಗಲೆಂದು ಪ್ರತಿ ತಿಂಗಳು ಗುಂಪು ಬದಲಿಸಿದರೆ ಪರಿಚಯವೇ ಆಗದು. ಹೋಗದ ಮಕ್ಕಳಿಗೆ ಶಾಲೆಯಲ್ಲೇ ಕೆಲಸವಿದೆ, ಅದನ್ನು ಮುಂದೆ ಹೇಳುತ್ತೇನೆ.

ಭೇಟಿಯ ಹೊತ್ತು 45 ನಿಮಿಷ ದಾಟಬಾರದು, ಹಿರಿಯರು ಬೇಗ ಬಳಲುತ್ತಾರೆ. ಮಾಡುವುದೇನು? ಪೇಪರ್ ಓದಿ ಹೇಳುವುದು, ಸೂಜಿಗೆ ನೂಲು ಪೋಣಿಸುವುದು, ಕಾಗದ ಬರೆದುಕೊಡುವುದು, ಚೆನ್ನೆಮಣೆ ಆಡುವುದು, ಸುಮ್ಮನೆ ಕೂತು ಕೇಳುವುದು. ಸ್ನಾನ ಮಾಡಿಸುವುದು, ಔಷಧಿ ಕೊಡುವುದು, ಎತ್ತಿ ಕೂರಿಸುವುದು ಮಕ್ಕಳ ಕೆಲಸವಲ್ಲ. ಶೀತ, ಕೆಮ್ಮು, ಜ್ವರವಿರುವ ಮಗು ಆ ದಿನ ಹೋಗುವುದು ಬೇಡ. ಹೋದ ಕೂಡಲೇ ಮತ್ತು ಹೊರಡುವಾಗ ಕೈ ತೊಳೆಯುವುದು. ‘ನಾಳೆ ಬರ್ತೇನೆ ಅಜ್ಜಿ’ ಎಂದು ಬಾಯಿಮಾತಿಗೂ ಹೇಳಬಾರದೆಂದು ಮಕ್ಕಳಿಗೆ ಗಟ್ಟಿಯಾಗಿ ತಿಳಿಸಿ. ಆ ಅಜ್ಜಿ ನಿಜವಾಗಿಯೂ ಬಾಗಿಲಲ್ಲಿ ಕಾಯುತ್ತಾರೆ. ಮರೆವಿನ ಕಾಯಿಲೆಯವರು ಮಗುವನ್ನು ತಮ್ಮ ಮಗನ ಹೆಸರಿನಿಂದ ಕರೆಯಬಹುದು. ತಿದ್ದುವುದು ಬೇಡ, ಓಗೊಟ್ಟರೆ ಸಾಕು ಎಂದು ಮೊದಲೇ ಹೇಳಿಕೊಟ್ಟರೆ ಮಗು ಗಾಬರಿಯಾಗುವುದಿಲ್ಲ. ಫೋಟೋ ತೆಗೆಯಬೇಡಿ. ಶಾಲೆಯ ವಾರ್ಷಿಕ ವರದಿಗೆ ಒಂದು ಚಿತ್ರ ಬೇಕೇ ಬೇಕೆಂದರೆ ಮಕ್ಕಳು ಬರೆದ ಕಾಗದದ ಚಿತ್ರ ಹಾಕಿ.

ಮರಳಿದ ಮೇಲಿನ 20 ನಿಮಿಷ ತಪ್ಪಿದರೆ ಭೇಟಿ ಬರೀ ಪ್ರವಾಸವಾಗುತ್ತದೆ. ಬೆಲ್ಜಿಯಂನಲ್ಲಿ ದುಡಿಯುವ ಯುವಕರ ನಡುವೆ ಚಳವಳಿ ಕಟ್ಟಿದ ಗುರು ಜೋಸೆಫ್ ಕಾರ್ಡೈನ್ ರೂಢಿಸಿದ ಕ್ರಮ ಇದಕ್ಕೆ ಚೆನ್ನಾಗಿ ಒದಗುತ್ತದೆ: ನೋಡು, ವಿವೇಚಿಸು, ಮಾಡು. ಏನು ಕಂಡೆ? ಯಾಕೆ ಹೀಗಾಗಿದೆ? ಮುಂದಿನ ತಿಂಗಳಿನೊಳಗೆ ನಾವು ಮಾಡಬಹುದಾದ ಒಂದು ಕೆಲಸ ಯಾವುದು? ಎರಡನೇ ಪ್ರಶ್ನೆಗೆ ಮಕ್ಕಳು ತಡವರಿಸುತ್ತಾರೆ. ‘ಮಕ್ಕಳು ಕೆಟ್ಟವರು, ಬಿಟ್ಟು ಹೋದರು’ ಎಂಬಲ್ಲಿಗೆ ನಿಲ್ಲುತ್ತಾರೆ. ಗಲ್ಫಿಗೆ, ಮುಂಬೈಗೆ ದುಡಿಯಲು ಹೋದವರ ಮನೆಗಳು, ಮದುವೆಯಾಗದೆ ಉಳಿದ ಅಕ್ಕಂದಿರು, ಬೀಡಿ ಕಟ್ಟಿ ಬದುಕಿದವರಿಗೆ ಕೊನೆಗಾಲಕ್ಕೆ ಉಳಿತಾಯವಿಲ್ಲದಿರುವುದು, ಇಷ್ಟನ್ನೂ ಅವರ ಮುಂದಿಡಿ. ಕಥೋಲಿಕ ಮಕ್ಕಳೊಂದಿಗೆ ಧರ್ಮೋಪದೇಶದ ತರಗತಿಯಲ್ಲಿ ಇದೇ ಅನುಭವವನ್ನು ಮತ್ತಾಯನ 25ನೇ ಅಧ್ಯಾಯದ ಕೊನೆಯ ಭಾಗದ ಜೊತೆ ಓದಿ. ಅಲ್ಲಿ ಹಸಿದವರ, ರೋಗಿಗಳ, ಸೆರೆಯಲ್ಲಿರುವವರ ವಿಷಯ ಬರುತ್ತದೆ, ಮಕ್ಕಳಿಗೆ ಯಾರದೋ ಮುಖ ನೆನಪಾಗುತ್ತದೆ. ಇದೇ ಕ್ರಮದಲ್ಲಿ ನಡೆಯುವ ವೈಸಿಎಸ್ (ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್) ಎಂಬ ವಿದ್ಯಾರ್ಥಿ ಚಳವಳಿಯ ಘಟಕ ನಿಮ್ಮಲ್ಲಿ ನಿಂತುಹೋಗಿದ್ದರೆ ಮತ್ತೆ ತೆರೆಯಿರಿ. ಭಾರತದಲ್ಲಿ ಅದಕ್ಕೆ ವೈಎಸ್‌ಎಂ (ಯಂಗ್ ಸ್ಟೂಡೆಂಟ್ಸ್ ಮೂವ್‌ಮೆಂಟ್) ಎಂಬ ಜೋಡಿ ಹೆಸರಿರುವುದು ಬೇರೆ ಧರ್ಮದ ವಿದ್ಯಾರ್ಥಿಗಳಿಗೂ ಜಾಗವಿರಲೆಂದೇ.

ಎರಡು ನಿಯಮಗಳಲ್ಲಿ ಸಡಿಲಿಕೆ ಬೇಡ. ಸೇವೆಗೆ ಅಂಕ ಕೊಡಬೇಡಿ, ಗಂಟೆ ಲೆಕ್ಕ ಬೇಡ. ತಡವಾಗಿ ಬಂದವರಿಗೆ ಶಿಕ್ಷೆಯೆಂದು ಅಂಗಳ ಗುಡಿಸಲು ಹೇಳುವುದನ್ನು ಇಡೀ ಶಾಲೆಯಲ್ಲಿ ನಿಲ್ಲಿಸಿ. ಸೋಮವಾರ ಪೊರಕೆ ಹಿಡಿಸಿದ್ದು ಅವಮಾನಕ್ಕಾದರೆ ಶನಿವಾರದ ಪೊರಕೆ ಗೌರವ ಎಂದು ಯಾವ ಮಗು ನಂಬುತ್ತದೆ?

ಹಿಡಿ ಅಕ್ಕಿ

ಆಶ್ರಮಕ್ಕೆ ಹೋಗದ ಮಕ್ಕಳ ಕೆಲಸ ಇದು. ತಪಸ್ಸುಕಾಲದ ಆರು ವಾರ, ವಾರಕ್ಕೊಮ್ಮೆ ಮನೆಯಿಂದ ಒಂದು ಹಿಡಿ ಅಕ್ಕಿ. ಒಂದು ಹಿಡಿ ಸುಮಾರು 50 ಗ್ರಾಂ. 250 ಮಕ್ಕಳು ತಂದರೆ ವಾರಕ್ಕೆ 12.5 ಕೆಜಿ, ಆರು ವಾರಕ್ಕೆ 75 ಕೆಜಿ. ದಿನಕ್ಕೆ ಒಬ್ಬರಿಗೆ 300 ಗ್ರಾಂ ಹಿಡಿದರೆ 15 ಮಂದಿಯ ಮನೆಗೆ ಹದಿನಾರು ದಿನದ ಅಕ್ಕಿ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ, ತಮ್ಮ ಹಿಡಿ ಎಲ್ಲಿಗೆ ತಲುಪಿತೆಂದು ಗೊತ್ತಾಗುತ್ತದೆ.

ಕೆಡುವುದು ಹೀಗೆ. ಕುಚ್ಚಲಕ್ಕಿ, ಬೆಳ್ತಿಗೆ (ಬಿಳಿ ಅಕ್ಕಿ) ಎರಡನ್ನೂ ಒಂದೇ ಗೋಣಿಗೆ ಸುರಿಯುತ್ತಾರೆ. ಬೆಳ್ತಿಗೆ 20 ನಿಮಿಷದಲ್ಲಿ ಬೇಯುತ್ತದೆ, ಕುಚ್ಚಲಕ್ಕಿಗೆ ಮುಕ್ಕಾಲು ಗಂಟೆಗೂ ಮೇಲೆ ಬೇಕು. ಬೆರೆತ ಅಕ್ಕಿ ಅನ್ನಕ್ಕಾಗದು, ಅಡಿಗೆಯವರು ದೋಸೆಗೆ ಹಾಕಿ ಮುಗಿಸಬೇಕಾಗುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಎರಡು ಡಬ್ಬಿ, ಮೇಲೆ ದೊಡ್ಡಕ್ಷರದ ಚೀಟಿ. ಹುಳು ಬಿದ್ದದ್ದು, ಒದ್ದೆಯಾದದ್ದು ಬೇರೆ ತೆಗೆಯಿರಿ, ಒಂದು ಹಿಡಿ ಕೆಟ್ಟದ್ದು ಇಡೀ ಗೋಣಿಯನ್ನು ಕೆಡಿಸುತ್ತದೆ. ಎರಡು ವಾರಕ್ಕೊಮ್ಮೆ ತಲುಪಿಸಿಬಿಡಿ, ಆರು ವಾರ ಕೂಡಿಡಬೇಡಿ. ಬಹಳ ಮುಖ್ಯವಾದ ಮಾತು: ಈ ಅಕ್ಕಿ ಬಿಸಿಯೂಟದ ದಾಸ್ತಾನು ಕೋಣೆಗೆ ಹೋಗಲೇಬಾರದು. ಅಕ್ಷರ ದಾಸೋಹದ ಅಕ್ಕಿಗೆ ಸರ್ಕಾರಿ ಲೆಕ್ಕವಿದೆ. ತಪಾಸಣೆಯ ದಿನ 10 ಕೆಜಿ ಹೆಚ್ಚು ಕಂಡರೂ ಮುಖ್ಯ ಶಿಕ್ಷಕರು ಉತ್ತರ ಕೊಡಬೇಕಾಗುತ್ತದೆ.

ಹಣ ಸಂಗ್ರಹಿಸುವುದಾದರೆ ಮುಚ್ಚಿದ ಲಕೋಟೆ, ಹೆಸರು ಬರೆಯುವಂತಿಲ್ಲ, ಖಾಲಿ ಲಕೋಟೆಯೂ ನಡೆಯುತ್ತದೆ. ಇಬ್ಬರು ಕೂತು ಎಣಿಸಿ ಸಹಿ ಹಾಕಿ, ಒಟ್ಟು ಮೊತ್ತವನ್ನೂ ಅದು ಹೋದ ಜಾಗವನ್ನೂ ಸೂಚನಾ ಫಲಕದಲ್ಲಿ ಬರೆಯಿರಿ. ‘ಯಾವ ತರಗತಿ ಹೆಚ್ಚು ಕೊಟ್ಟಿತು’ ಎಂಬ ಸ್ಪರ್ಧೆ ಇಡಲೇಬೇಡಿ. ಬಡ ಮಕ್ಕಳು ಹೆಚ್ಚಿರುವ ವಿಭಾಗ ಯಾವುದೆಂದು ಇಡೀ ಶಾಲೆಗೆ ಸಾರಿದಂತಾಗುತ್ತದೆ. ನಿಮ್ಮದೇ ಶಾಲೆಯ ಮಗುವಿಗೆ ಯೂನಿಫಾರಂ, ಚಪ್ಪಲಿ, ಪುಸ್ತಕ ಕೊಡುವುದಿದ್ದರೆ ವೇದಿಕೆಗೆ ಕರೆಯದೆ, ದುಡ್ಡು ಕೊಟ್ಟು ಕೊಳ್ಳುವವರು ತೆಗೆದುಕೊಳ್ಳುವ ಅದೇ ಕೌಂಟರಿನಲ್ಲಿ, ಅದೇ ಚೀಟಿಯ ಮೇಲೆ ಕೊಡಿ. ಯಾವ ಮನೆಗೆ ನಿಜವಾಗಿ ಕಷ್ಟವಿದೆ ಎಂಬುದನ್ನು ತಿಳಿಯಲು ತರಗತಿ ಶಿಕ್ಷಕರ ಜೊತೆಗೆ ವಾಳೆಯ (ಧರ್ಮಕೇಂದ್ರದ ವಾರ್ಡಿನ) ಗುರಿಕಾರರನ್ನೂ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರನ್ನೂ ಕೇಳಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಒಝನಾಮ್ ಮತ್ತು ಗೆಳೆಯರು ವಿದ್ಯಾರ್ಥಿಗಳಾಗಿದ್ದಾಗ ಕಟ್ಟಿದ ಸಭೆ ಅದು. ಬಡವರ ಮನೆಗೆ ಖುದ್ದಾಗಿ ಹೋಗಿ ಬರುವುದೇ ಅದರ ಮೂಲ ಕೆಲಸ.

ಒಟ್ಟಿಗೆ ಬದುಕುವ ದಿನಗಳು

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಮರಿಯಮ್ಮನ ಜನನದ ಹಬ್ಬ) 2026ರಲ್ಲಿ ಮಂಗಳವಾರ ಬರುತ್ತದೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಅರ್ಪಿಸುವುದು ಕಥೋಲಿಕರ ಭಕ್ತಿ. ಅದನ್ನು ಇಡೀ ಶಾಲೆಯ ಕಾರ್ಯಕ್ರಮ ಮಾಡಬೇಡಿ. ಆದರೆ ಹೊಸ ತೆನೆ ಮನೆಗೆ ತರುವುದು, ಹೊಸಕ್ಕಿ ಊಟ ಮಾಡುವುದು ಕರಾವಳಿಯ ಎಲ್ಲ ಬೇಸಾಯದ ಮನೆಗಳ ಸಂಭ್ರಮ. ತುಳುವರ ಮನೆಯ ಕೊರಲ್ ಪರ್ಬ (ತೆನೆ ಹಬ್ಬ), ಹೊಸ ಅಕ್ಕಿಯ ಊಟವಾದ ಪುದ್ವಾರ್ ಗೊತ್ತಿಲ್ಲದ ಮಗು ನಿಮ್ಮಲ್ಲಿ ಯಾರಿದ್ದಾರೆ? ಅದೇ ವಾರ ಒಂದು ಮಧ್ಯಾಹ್ನ ಎಲ್ಲರಿಗೂ ಸಸ್ಯಾಹಾರದ ಊಟ, ಮಕ್ಕಳು ತಮ್ಮ ತಮ್ಮ ಮನೆಯ ಹೊಸ ಅಕ್ಕಿಯ ಪದ್ಧತಿಯನ್ನು ಹೇಳುವ ಅರ್ಧ ಗಂಟೆ. ಹಬ್ಬದ ಪೂಜೆ ಚರ್ಚಿನಲ್ಲಿ, ಊಟ ಎಲ್ಲರದು.

2027ರ ಫೆಬ್ರವರಿಯಲ್ಲಿ ಇನ್ನೊಂದು ಕೂಡಿಕೆ ಇದೆ. ತಪಸ್ಸುಕಾಲ ಶುರುವಾಗುವ ವಾರವೇ, ಚಂದ್ರದರ್ಶನದಂತೆ, ರಂಜಾನ್ ಉಪವಾಸವೂ ಶುರುವಾಗುತ್ತದೆ. ಆ ತಿಂಗಳು ಬಿಸಿಲಿನ ಪಿ.ಟಿ. ಪೀರಿಯಡ್‌ನಲ್ಲಿ ಓಟ ಬೇಡ, ತಿಂಡಿಯ ಕಾರ್ಯಕ್ರಮಗಳನ್ನು ಮುಂದೂಡಿ. ಉಪವಾಸವೆಂದರೆ ತಮ್ಮಲ್ಲಿ ಏನೆಂದು ಎರಡೂ ಕಡೆಯ ಮಕ್ಕಳು ಪರಸ್ಪರ ಹೇಳಿಕೊಳ್ಳಲು ಮೌಲ್ಯಶಿಕ್ಷಣದ ಒಂದು ತರಗತಿ ಕೊಡಿ. ಇಂಥ ಅವಕಾಶ ಪ್ರತಿ ವರ್ಷ ಬರುವುದಿಲ್ಲ.

ಶಾಲೆಯೊಂದು ಕುಟುಂಬವೇ ಎಂಬುದು ತಿಳಿಯುವುದು ಸಾವಿನ ಮನೆಯಲ್ಲಿ. ವಿದ್ಯಾರ್ಥಿಯ ತಂದೆಯೋ ತಾಯಿಯೋ ತೀರಿಕೊಂಡರೆ ಏನು ಮಾಡಬೇಕೆಂದು ಜೂನ್‌ನಲ್ಲೇ ಬರೆದಿಡಿ, ಆ ದಿನ ಯೋಚಿಸಲು ಹೊತ್ತಿರುವುದಿಲ್ಲ. ತರಗತಿ ಶಿಕ್ಷಕರು ಮತ್ತು ಇಬ್ಬರು ಗೆಳೆಯರು ಅದೇ ದಿನ ಹೋಗಬೇಕು. ಮುಸ್ಲಿಂ ಮನೆಯಲ್ಲಿ ದಫನ ಬೇಗನೆ, ಹೆಚ್ಚಾಗಿ ಅದೇ ದಿನ ಆಗುತ್ತದೆ. ‘ನಾಳೆ ಹೋಗೋಣ’ ಎಂದರೆ ತಡವಾಯಿತು. ಹಾರ ಒಯ್ಯುವ ಮೊದಲು ಆ ಮನೆಯವರ ಪದ್ಧತಿ ಕೇಳಿ. ಹಿಂದೂ ಮನೆಯ ಬೊಜ್ಜದ (ಉತ್ತರಕ್ರಿಯೆಯ) ದಿನ, ಕಥೋಲಿಕ ಮನೆಯ ಏಳನೇ ದಿನದ ಅಥವಾ ತಿಂಗಳ ಪೂಜೆಯ ದಿನ ಮತ್ತೊಮ್ಮೆ ಹೋಗಿ. ಮಗು ಶಾಲೆಗೆ ಮರಳುವ ಬೆಳಗ್ಗೆ ಸಹಪಾಠಿಗಳಿಗೆ ಮೊದಲೇ ಹೇಳಿರಿ: ‘ಹೇಗಾಯ್ತು’ ಎಂದು ಕೇಳಬೇಡಿ, ಬಿಟ್ಟುಹೋದ ನೋಟ್ಸ್ ಬರೆದುಕೊಡಿ. ಬೆಂಚಿನಲ್ಲಿ ಪಕ್ಕದ ಜಾಗ ಖಾಲಿ ಇರಬಾರದು. ತಿಂಗಳಾದ ಮೇಲೆ ಫೀಸು, ಬಸ್ ಪಾಸು, ಮನೆಯ ಅಡಿಗೆ ಯಾರು ಮಾಡುತ್ತಾರೆ ಎಂಬುದನ್ನು ಸದ್ದಿಲ್ಲದೆ ವಿಚಾರಿಸಿ. ಮೊದಲ ವಾರ ಎಲ್ಲರೂ ಬರುತ್ತಾರೆ, ಐದನೇ ವಾರ ಯಾರೂ ಇರುವುದಿಲ್ಲ.

ಇನ್ನು ಹತ್ತನೆಯವರ ವಿಷಯ. ಜೂನ್‌ನಿಂದಲೇ ‘ಎಸ್‌ಎಸ್‌ಎಲ್‌ಸಿ ಇದೆ’ ಎಂದು ಅವರನ್ನು ಸೇವೆಯಿಂದ ಬಿಡುವುದು ತಪ್ಪು. ತಿಂಗಳಿಗೆ ಎರಡು ಗಂಟೆಯಿಂದ ಯಾರ ಫಲಿತಾಂಶವೂ ಕೆಡುವುದಿಲ್ಲ. ಮೊದಲ ನಾಲ್ಕು ತಿಂಗಳ ಗುಂಪು ಹತ್ತನೆಯವರದೇ ಆಗಿರಲಿ, ಜೂನ್‌ನಿಂದ ಸೆಪ್ಟೆಂಬರ್. ಅಕ್ಟೋಬರ್‌ನಿಂದ ಒಂಬತ್ತನೆಯವರು. ಗುಂಪು ಬದಲಾಗುವ ಶನಿವಾರ ಮಾತ್ರ ಇಬ್ಬರೂ ಒಟ್ಟಿಗೆ ಹೋಗಲಿ, ಆ ಒಂದು ಸಲಕ್ಕೆ 40 ಮಕ್ಕಳು, ನಾಲ್ವರು ಶಿಕ್ಷಕರು. ಹತ್ತನೆಯ ಪ್ರತಿ ಜೋಡಿ ತಮ್ಮ ಅಜ್ಜನ ಅಥವಾ ಅಜ್ಜಿಯ ಬಳಿ ಒಂಬತ್ತನೆಯವರನ್ನು ಹೆಸರು ಹೇಳಿ ಪರಿಚಯಿಸಬೇಕು. ಯಾವ ಕಿವಿ ಕೇಳುವುದಿಲ್ಲ, ಪೇಪರಿನ ಯಾವ ಪುಟ ಮೊದಲು ಓದಬೇಕು, ಯಾವ ಮಾತು ಎತ್ತಬಾರದು ಎಂಬುದನ್ನು ಹೇಳಿಕೊಡಬೇಕು. ಜನವರಿಯಲ್ಲಿ, ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆ, ಹತ್ತನೆಯವರು ಆ ಹಿರಿಯರಿಗೆ ಒಂದು ಕಾಗದ ಬರೆಯಲಿ. ಒಂಬತ್ತನೆಯವರು ಅದನ್ನು ಒಯ್ದು, ಕೇಳುವ ಕಿವಿಯ ಬದಿಗೆ ಕೂತು ಓದಿ ಹೇಳಲಿ.